ಎಮ್ಮೆಯ ಬೆನ್ನ ಮೇಲಿನ ಎಂಜಿನ್

ಗಿರಿಮಲ್ಲಪ್ಪನ ಜೊತೆ ಮಾತಾಡಬೇಕಾದವರು ಅವನ ಬಲಗಡೆ ಕೂಡಬೇಕು. ಜಮಖಂಡಿಯ ಮುಧೋಳ ರಸ್ತೆಯಲ್ಲಿದ್ದ ಅವನ ಪಂಪ್‌ಸೆಟ್ ರಿಪೇರಿ ಅಂಗಡಿಗೆ ಬರುವ ರೈತರಿಗೆಲ್ಲ ಇದು ಗೊತ್ತಿತ್ತು. ಗೊತ್ತಿಲ್ಲದ ಹೊಸಬ ಯಾರಾದರೂ ಎಡಕ್ಕೆ ಕೂತು, ಸುಟ್ಟ ಮೋಟರಿನ ಕಥೆಯನ್ನೆಲ್ಲ ಹೇಳಿ ಮುಗಿಸಿ, ಉತ್ತರ ಬಾರದೆ ಮುಖ ಸಣ್ಣದು ಮಾಡಿಕೊಂಡಾಗ, ಬಾಗಿಲಲ್ಲಿ ಕೂತವರು ನಗುತ್ತ ಕೈ ಮಾಡುತ್ತಿದ್ದರು: "ಆ ಕಿವಿ ಬಂದ್ ಐತಿ ತಮ್ಮಾ, ಈ ಕಡಿ ಬಾ."

ಕಿವಿ ಹೇಗೆ ಹೋಯಿತೆಂದು ಕೇಳಿದವರಿಗೆ "ವಿಮಾನದ ಸಪ್ಪಳಕ್ಕ" ಎನ್ನುತ್ತಿದ್ದ. ಅದು ಸುಳ್ಳಲ್ಲ. ಅದಕ್ಕಿಂತ ಹೆಚ್ಚು ಯಾರೂ ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ.

ಅವನು ಹುಟ್ಟಿದ್ದು ಗಲಗಲಿಯಲ್ಲಿ, ಹೊಳೆದಂಡೆಯ ಒಕ್ಕಲು ಮನೆತನದಲ್ಲಿ. ಅಣ್ಣ ಚನಮಲ್ಲಪ್ಪ ಹೊಲ ಹಿಡಿದ. ತಮ್ಮನಾದ ಗಿರಿಮಲ್ಲಪ್ಪ ಮ್ಯಾಟ್ರಿಕ್ ಪಾಸಾಗಿ, ಸೀಮೆಯೆಲ್ಲ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ, ವಿಜಾಪುರದಲ್ಲಿ ನಡೆದ ಭರ್ತಿಗೆ ಹೋಗಿ ವಾಯುಪಡೆ ಸೇರಿದ. ಎದೆಯ ಅಳತೆ ಸರಿಯಿತ್ತು, ಲೆಕ್ಕದಲ್ಲಿ ಚುರುಕಿದ್ದ. ಅವನಿಗೆ ಸಿಕ್ಕ ಕೆಲಸ ವಿಮಾನದ ರೆಕ್ಕೆಯ ಕೆಳಗೆ ಬಾಂಬು, ರಾಕೆಟ್ಟು ಕಟ್ಟುವುದು. ಎರಡು ಯುದ್ಧಗಳಲ್ಲಿ ಆ ಕೆಲಸ ಮಾಡಿದ. ಅವನು ಕಟ್ಟಿದ್ದನ್ನು ಹೊತ್ತು ವಿಮಾನಗಳು ಹೋದವು, ಇಳಿಸಿ ಬಂದವು. ಅವನು ಮಾತ್ರ ಒಂದರಲ್ಲೂ ಕೂತು ಹಾರಲಿಲ್ಲ. ರಜೆಗೆ ಊರಿಗೆ ಬರುವುದು ರೈಲಿನಲ್ಲಿ, ಆಮೇಲೆ ಬಸ್ಸಿನಲ್ಲಿ, ಕೊನೆಯ ದಾರಿ ಅಣ್ಣನ ಬಂಡಿಯಲ್ಲಿ. ಆದರೂ ಗಲಗಲಿಯಲ್ಲಿ ಅವನ ಹೆಸರು ವಿಮಾನದ ಗಿರಿಮಲ್ಲಪ್ಪ ಎಂದೇ ಉಳಿಯಿತು. "ನಾ ಕೆಳಗ ಇದ್ದಾಂವರಿ, ಹಾರಿಸಾವರು ಬ್ಯಾರೆ" ಎಂದರೆ, ಮಂದಿ ಅದನ್ನು ಅವನ ದೊಡ್ಡಗುಣವೆಂದು ತಿಳಿದು ಇನ್ನಷ್ಟು ಮರ್ಯಾದೆ ಕೊಡುತ್ತಿದ್ದರು.

ಎಪ್ಪತ್ತರ ದಶಕದ ಕೊನೆಗೆ ನೌಕರಿ ಮುಗಿಸಿ ಬಂದವನು ಜಮಖಂಡಿಯಲ್ಲಿ ಅಂಗಡಿ ಹಾಕಿದ. ಹೆಂಡತಿ ಹಾಲವ್ವ, ಒಬ್ಬಳೇ ಮಗಳು ಮಾದೇವಿ. ಮಗಳ ಬಾಲ್ಯದಲ್ಲಿ ಅಪ್ಪನೆಂದರೆ ವರ್ಷಕ್ಕೊಮ್ಮೆ ಬರುವ ಟ್ರಂಕು. ಅವನು ಮನೆಗೆ ಮರಳಿದಾಗ ಅವಳು ಸಾಲಿಗೆ ಹೋಗುವ ಹುಡುಗಿ. ಅವನ ಯಾವ ಕಿವಿ ಕೇಳುತ್ತದೆಂದು ಕಲಿಯಲು ಅವಳಿಗೆ ಕೆಲವು ತಿಂಗಳು ಹಿಡಿಯಿತು. ಆಮೇಲೂ ಅವರ ನಡುವೆ ಮಾತು ಕಡಿಮೆಯೇ. ಜಗಳವಿರಲಿಲ್ಲ, ರೂಢಿಯಿರಲಿಲ್ಲ ಅಷ್ಟೆ.

ಮಾದೇವಿ ಜಮಖಂಡಿಯಲ್ಲೇ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಬಸ್ ಸ್ಟ್ಯಾಂಡಿನ ಹತ್ತಿರ ಬಾಳಾಸಾಹೇಬ ಎಂಬವನು ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸತೊಡಗಿದಳು. ಅರಿವೆ ಅಂಗಡಿಯ ಮೇಲಿನ ಖೋಲಿ. ಮೂರು ಕಂಪ್ಯೂಟರುಗಳು, ಮೂರಕ್ಕೂ ಹೊಲಿಸಿದ ಹೊದಿಕೆ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರಬೇಕು. ತೊಂಬತ್ತಾರರ ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಅಲ್ಲಿ ಒಂದು ಆಟ ಬರೆಯತೊಡಗಿದ್ದಳು: ವಿಮಾನ ಹಾರಿಸುವ ಆಟ. ಕಪ್ಪು ಪರದೆಯ ಮೇಲೆ ಹಸಿರು ಗೆರೆಗಳ ನೆಲ, ಗೆರೆಗಳ ಆಕಾಶ. ಗುಂಡಿ ಒತ್ತಿದರೆ ವಿಮಾನ ಏಳಬೇಕು, ತಿರುಗಬೇಕು, ಕೆಳಗೆ ಬಂದು ನೆಲದ ಮೇಲಿನ ಗುರಿಗೆ ಹೊಡೆಯಬೇಕು. ಚಿತ್ರ ಸರಿದಾಡಿದರೆ ಸಾಲದು. ತೂಕ, ಗಾಳಿ, ಎಂಜಿನ್ನಿನ ನೂಕು ಎಲ್ಲವನ್ನೂ ಲೆಕ್ಕ ಹಾಕಿಯೇ ಹಾರಬೇಕು ಎಂಬುದು ಅವಳ ಹಟ. ದೀಪಾವಳಿಯ ನಂತರ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಅಲ್ಲಿ ಇಟ್ಟರೆ ಕ್ಲಾಸಿಗೆ ಹೊಸ ಹುಡುಗರು ತಾವಾಗಿಯೇ ಬರುತ್ತಾರೆ ಎಂಬುದು ಬಾಳಾಸಾಹೇಬನ ಆಸೆ.

ಇರುವ ವಿಮಾನವನ್ನೇ ಹಾಕೋಣವೆಂದರೆ ಅದರ ಅಳತೆಗಳು ಜಮಖಂಡಿಯಲ್ಲಿ ಎಲ್ಲಿ ಸಿಗಬೇಕು? ಇಲ್ಲದ ವಿಮಾನಕ್ಕಾದರೆ ಅಳತೆ ತಾನೇ ಕೊಡಬಹುದು. ಒಂದು ಸಂಜೆ ಮಾದೇವಿ ಅಂಗಡಿಗೆ ಬಂದು ಅಪ್ಪನ ಬಲಕ್ಕೆ ಕೂತಳು.

"ಅಪ್ಪಾ, ನನಗೊಂದು ವಿಮಾನ ಬೇಕಾಗೇತಿ."

"ನಿಮ್ಮವ್ವಗ ಕೇಳು. ರೊಕ್ಕ ಆಕಿ ಕೈಯಾಗ ಇರತೈತಿ."

"ಖರೆ ವಿಮಾನ ಅಲ್ರಿ. ಕಂಪ್ಯೂಟರ್‌ದಾಗ ಹಾರೂದು. ಕೆಳಗ ಬಂದು ನೆಲದ ಮ್ಯಾಲ ಹೊಡಿಯೂ ಜೆಟ್. ನೀವು ಅಂಥಾವನ್ನ ನೋಡೀರಿ."

"ಕೆಳಗಿಂದ ನೋಡೇನಿ."

"ಕೆಳಗಿಂದ ನೋಡಿದ್ದ ಬೇಕು."

ಗಿರಿಮಲ್ಲಪ್ಪ ಕೈಯಲ್ಲಿದ್ದ ತಾಮ್ರದ ತಂತಿಯ ಸುರುಳಿಯನ್ನು ಪಕ್ಕಕ್ಕಿಟ್ಟ. ಮಗಳು ಅವನನ್ನು ಏನಾದರೂ ಕೇಳಿದ್ದೇ ಅಪರೂಪ. ಅವತ್ತೇ ಮೋಟರಿಗೆ ತಂತಿ ಸುತ್ತುವಾಗ ಒಳಗೆ ಹಾಕುವ ದಪ್ಪ ಕಾಗದವೊಂದನ್ನು ಹರವಿ, ಪೆನ್ಸಿಲ್ ಚೂಪು ಮಾಡಿಕೊಂಡು ಕೂತ.

ಅವನ ವಿಮಾನ ಕೆಳಗಿನಿಂದ ಮೇಲಕ್ಕೆ ಬೆಳೆಯಿತು. ಮೊದಲು ಗಾಲಿಗಳು: ಅಗಲಕ್ಕೆ ಇಟ್ಟ, ದಪ್ಪನೆಯವು, ಮಣ್ಣಿನ ಹಾದಿಯ ಮೇಲೂ ಇಳಿಯುವಂಥವು. ಆಮೇಲೆ ಹೊಟ್ಟೆಯ ಎತ್ತರ: ಒಬ್ಬ ಮನುಷ್ಯ ಕೆಳಗೆ ನಿಂತು ಕೆಲಸ ಮಾಡುವಷ್ಟು. ಬಾಂಬು ತೂಗುವ ಕೊಂಡಿಗಳು ಎದೆಯ ಮಟ್ಟಕ್ಕೆ. ಮುಚ್ಚಳಗಳೆಲ್ಲ ಏಣಿಯಿಲ್ಲದೆ ಕೈಗೆ ಸಿಗುವಂತೆ. ರೆಕ್ಕೆ ನೇರ ಮತ್ತು ಅಗಲ. ಕೆಳಗೆ ಬಂದು ಸಾವಕಾಶ ತಿರುಗಬೇಕಾದ ವಿಮಾನಕ್ಕೆ ಚೂಪು ರೆಕ್ಕೆ ಆಗಿಬರುವುದಿಲ್ಲ. ಕೊನೆಗೆ ಎರಡು ಎಂಜಿನ್ನು. ಅವನ್ನು ರೆಕ್ಕೆಯ ಹಿಂದೆ, ಬೆನ್ನ ಮೇಲೆ, ನಿಂತವನ ಕೈ ಎಟುಕದಷ್ಟು ಎತ್ತರದಲ್ಲಿ ಕೂಡಿಸಿದ.

ಕಾಗದ ನೋಡಿದ ಬಾಳಾಸಾಹೇಬ ತಲೆ ಕೆರೆದುಕೊಂಡ. "ಕಾಕಾ, ಇದೇನ್ರಿ, ಬೆನ್ನ ಮ್ಯಾಲ ಎರಡು ಕೊಡ ಹೊತ್ತಂಗ ಕಾಣತೈತಿ."

"ಚಂದ ಕಾಣಬೇಕಂದ್ರ ಮದುವಿ ಕಾರಿಗಿ ಹೂವ ಕಟ್ಟಸ್ಕೋ ಹೋಗು."

"ಆತ್ರಿ, ಹೆಸರರ ಛಲೋದು ಇಡೂಣು. ಮುಧೋಳ ನಾಯಿ ಅಂತ ಇಟ್ರ? ಪ್ಯಾಟಿಗೆಲ್ಲ ಗೊತ್ತಿದ್ದ ಹೆಸರು."

"ನಾಯಿ ಮೊಲದ ಬೆನ್ನ ಹತ್ತತೈತಿ. ಇದು ಯಾರ ಬೆನ್ನೂ ಹತ್ತೂದಲ್ಲ. ಸಾವಕಾಶ ಬರತೈತಿ, ಹೊರಿ ಇಳಸತೈತಿ, ನಾಕ ಪೆಟ್ಟ ತಿಂದ್ರೂ ಮನಿಗಿ ಬರತೈತಿ. ಇದು ಎಮ್ಮಿ."

ಮಾದೇವಿ ನಕ್ಕು, ಆ ಹೆಸರನ್ನೇ ಕಂಪ್ಯೂಟರಿನಲ್ಲಿ ಬರೆದಳು. ಎಮ್ಮಿ.

ಅವಳು ಅಳತೆಗಳನ್ನೆಲ್ಲ ತುಂಬಿ ಮೊದಲ ಸಲ ಓಡಿಸಿದ ದಿನ ಗಿರಿಮಲ್ಲಪ್ಪ ಅಂಗಡಿ ಮುಚ್ಚಿ ಬಂದು ಅವಳ ಹಿಂದೆ ನಿಂತಿದ್ದ. ಎಮ್ಮಿ ಓಡಿತು, ಆದರೆ ಏಳಲಿಲ್ಲ. ವೇಗ ಹೆಚ್ಚಿಸಿದಷ್ಟೂ ಮೂಗನ್ನು ನೆಲಕ್ಕೆ ಒತ್ತಿಕೊಂಡು ಓಡಿ, ರನ್‌ವೇ ಮುಗಿದ ಮೇಲೆ ಗೆರೆಗಳ ನಡುವೆ ಸೇರಿಹೋಯಿತು.

ತಪ್ಪೇನೆಂದು ಮಾದೇವಿಗೆ ತಕ್ಷಣ ತಿಳಿಯಿತು. ವಿಮಾನದ ತೂಕಕ್ಕೆಲ್ಲ ಒಂದು ನಡುಬಿಂದು ಇರುತ್ತದೆ. ಆ ಬಿಂದುವಿಗಿಂತ ಬಹಳ ಮೇಲೆ ನಿಂತು ಎಂಜಿನ್ ಮುಂದಕ್ಕೆ ನೂಕಿದರೆ, ಎತ್ತರದ ಕಪಾಟನ್ನು ಮೇಲ್ತುದಿಯಲ್ಲಿ ನೂಕಿದ ಹಾಗೆ. ಅದು ಸರಿಯುವುದಕ್ಕಿಂತ ಮುಂದಕ್ಕೆ ಬಾಗುವುದೇ ಹೆಚ್ಚು.

"ಎಂಜಿನ್ ಕೆಳಗ ಹೊಟ್ಟಿ ಬಾಜೂಕ ತಗೊಂಡ್ರ ಮುಗದ ಹೋತು," ಎಂದ ಬಾಳಾಸಾಹೇಬ.

"ಬ್ಯಾಡ," ಎಂದ ಗಿರಿಮಲ್ಲಪ್ಪ.

"ಯಾಕ್ರಿ ಕಾಕಾ?"

"ಎಂಜಿನ್ ಮ್ಯಾಲ ಇರ್ಲಿ. ಮೂಗ ಏಳೂ ಹಂಗ ನಾ ಮಾಡಿಕೊಡ್ತೀನಿ."

ಮಾಡಿಯೂ ಕೊಟ್ಟ. ಮಾರನೆಯ ದಿನ ಕಾಗದದ ಮೇಲೆ ಬಾಂಬಿನ ಕೊಂಡಿಗಳನ್ನೆಲ್ಲ ಹಿಂದಕ್ಕೆ, ಬಾಲದ ಕಡೆಗೆ ಸರಿಸಿದ. ಎಂಜಿನ್ ಮೂಗನ್ನು ಒತ್ತುತ್ತದೆ, ಹಿಂದಿನ ಭಾರ ಅದನ್ನು ಎತ್ತುತ್ತದೆ. ಗಲಗಲಿಯಲ್ಲಿ ಬಂಡಿ ಹೇರುವ ಯಾರೇ ಆದರೂ ಹಾಗೆಯೇ ಮಾಡುತ್ತಾರೆ: ಮುಂದೆ ಭಾರವಾಗಿ ನೊಗ ಎತ್ತುಗಳ ಕುತ್ತಿಗೆಯನ್ನು ಒತ್ತಿದರೆ ಒಂದಿಷ್ಟು ಹೊರೆಯನ್ನು ಹಿಂದಕ್ಕೆ ಎಳೆಯುವುದು, ಅದೂ ಸಾಲದಿದ್ದರೆ ಒಬ್ಬ ಮನುಷ್ಯನನ್ನು ಹಿಂದಿನ ತುದಿಗೆ ಕೂಡಿಸುವುದು. ಈ ಸಲ ಎಮ್ಮಿ ಎದ್ದಿತು. ಬಾಳಾಸಾಹೇಬ ಚಪ್ಪಾಳೆ ತಟ್ಟಿ ಕೆಳಗಿನ ಹೋಟೆಲಿನಿಂದ ಚಹಾ ತರಿಸಿದ. ಎಮ್ಮಿ ನಿಧಾನವಾಗಿ ತಿರುಗಿತು, ಕೆಳಗಿಳಿಯಿತು, ಗುರಿಯ ಚೌಕದ ಮೇಲೆ ಬಂದು ಬಾಂಬು ಬಿಟ್ಟಿತು. ಬಿಟ್ಟದ್ದೇ ತಡ, ಮೂಗು ತಗ್ಗಿಸಿ, ಯಾವ ಗುಂಡಿ ಒತ್ತಿದರೂ ಕೇಳದೆ, ತಾನು ಬಿಟ್ಟ ಬಾಂಬಿನ ಹಿಂದೆಯೇ ಹೋಗಿ ನೆಲಕ್ಕೆ ಬಿತ್ತು.

ಮತ್ತೆ ಹಾರಿಸಿದರು. ಮತ್ತೆ ಹಾಗೇ ಬಿತ್ತು. ಚಹಾ ಆರಿತು.

"ಪ್ರದರ್ಶನ ಬಂದ ಬಿಡ್ತು," ಎಂದ ಬಾಳಾಸಾಹೇಬ, ಈಗ ನಗದೆ. "ಕಾಕಾ, ನಿಮ್ಮ ಮ್ಯಾಲ ನನಗ ಗೌರವ ಐತಿ. ಆದ್ರ ಬೀಳೂ ವಿಮಾನ ತೋರಿಸಿದ್ರ ಮಂದಿ ಕ್ಲಾಸಿಗಿ ಬರಾಂಗಿಲ್ಲ, ನಗಾಕ ಬರತಾರ. ಮಾದೇವಿ, ಎಂಜಿನ್ ಕೆಳಗ ಹಾಕು. ಇಲ್ಲಾ ಬ್ಯಾರೆ ವಿಮಾನ ಮಾಡು."

ಗಿರಿಮಲ್ಲಪ್ಪ ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದ.

ಸಂಜೆ ಮಾದೇವಿ ಅಂಗಡಿಗೆ ಬಂದಾಗ ಅವನು ಯಾರದೋ ಮೋಟರಿನ ಸುಟ್ಟ ತಂತಿ ಕೀಳುತ್ತಿದ್ದ. ಅವಳು ಬಲಕ್ಕೆ ಕೂತಳು.

"ಅಪ್ಪಾ, ಸಿಟ್ಟಾದ್ರೇನ?"

"ಇಲ್ಲವಾ."

"ಹಂಗಾರ ಹೇಳ್ರಿ. ಕೆಳಗ ನಿಂತಾವನ ಕೈಗಿ ಎಟಕಬಾರದಂತ ಎಂಜಿನ್ ಮ್ಯಾಲ ಇಟ್ಟೀರಿ, ಆದ್ರ ಆಟದಾಗ ಕೆಳಗ ಯಾರೂ ಇಲ್ಲ. ರನ್‌ವೇ ಖಾಲಿ ಐತಿ. ಎಂಜಿನ್ ಎಲ್ಲಿದ್ರೂ ಯಾರಿಗಿ ಏನಾಗತೈತಿ?"

"ಖಾಲಿ ಹ್ಯಾಂಗ ಆಗತೈತಿ?" ಎಂದ ಗಿರಿಮಲ್ಲಪ್ಪ. "ಹೊರಿ ಯಾರು ಕಟ್ಟಿದ್ರು?"

ಅವನು ಇಕ್ಕಳ ಕೆಳಗಿಟ್ಟು, ಕೈ ಒರೆಸಿಕೊಂಡು, ಹೇಳತೊಡಗಿದ. ಇಪ್ಪತ್ತೈದು ವರ್ಷ ಯಾರ ಮುಂದೆಯೂ ಹೇಳದ ಮಾತು. ಆದರೂ ಮೋಟರ್ ಹೇಗೆ ಸುಟ್ಟಿತೆಂದು ರೈತನಿಗೆ ತಿಳಿಸುವ ಧಾಟಿಯಲ್ಲೇ, ಒಂದಾದ ಮೇಲೊಂದು ಹೇಳಿದ.

ಬಾಂಬಿಗೆ ಸುರಕ್ಷತೆಯ ಪಿನ್ನುಗಳಿರುತ್ತವೆ. ವಿಮಾನ ಹೊರಡುವ ಮುಂಚೆ, ಎಂಜಿನ್ ತಿರುಗುತ್ತಿರುವಾಗಲೇ, ಇಬ್ಬರು ಕೆಳಗೆ ಹೋಗಿ ಅವನ್ನು ಕೀಳಬೇಕು. ಪಿನ್ನುಗಳಿಗೆ ಕೆಂಪು ಪಟ್ಟಿ ಕಟ್ಟಿರುತ್ತದೆ; ಕಿತ್ತವನು ಆ ಪಟ್ಟಿಗಳನ್ನು ತಲೆಯ ಮೇಲೆತ್ತಿ ಪೈಲಟ್‌ನಿಗೆ ತೋರಿಸಿ ಹೊರಗೆ ಬರಬೇಕು. ಉತ್ತರದ ಒಂದು ನೆಲೆಯಲ್ಲಿ ಆ ಕೆಲಸಕ್ಕೆ ಗಿರಿಮಲ್ಲಪ್ಪನಿಗೆ ಜೊತೆಯಾಗಿದ್ದವನು ಹರಿಯಾಣದ ರಾಮಫಲ್. ಅಲ್ಲಿಯ ವಿಮಾನಗಳಿಗೆ ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ಎದೆಯ ಎತ್ತರಕ್ಕಿತ್ತು. ಚಳಿಗಾಲ. ರಾಮಫಲ್ ತೊಟ್ಟ ಅಂಗಿಯ ತೋಳಿನ ಗುಂಡಿ ಯಾವಾಗಲೋ ಕಿತ್ತುಹೋಗಿತ್ತು. ಬೀಸುಗಾಳಿಗೆ ತೋಳು ಉಬ್ಬಿತು, ಎಂಜಿನ್ ಅದನ್ನು ಬಾಯೊಳಗೆ ಎಳೆದುಕೊಂಡಿತು.

"ಪೈಲಟ್ ಗಪ್ಪನ ಎಂಜಿನ್ ಬಂದ್ ಮಾಡಿದ. ಆಂವ ಮಾಡೂದ್ರಾಗ ಕಡಿಮಿ ಇರಲಿಲ್ಲ. ಯಾರದೂ ತಪ್ಪಿರಲಿಲ್ಲವಾ, ಅದು ನಿಂದರಾಕ ಹೊತ್ತು ಹಿಡೀತೈತಿ. ನಾ ಅವನ ಸೊಂಟದ ಪಟ್ಟಾ ಹಿಡದೆ. 'ಛೋಡ್ನಾ ಮತ್, ಛೋಡ್ನಾ ಮತ್' ಅನ್ನಾಕತ್ತಿದ್ದ. ನಾ ಬಿಡಲಿಲ್ಲ. ಈ ಕಿವಿ ಎಂಜಿನ್ ಕಡಿಗಿತ್ತು."

ಅವನು ಎಡಗಿವಿಯನ್ನು ಮುಟ್ಟಿ ತೋರಿಸಿದ.

"ಆಂವ ಉಳದ್ನೇನ್ರಿ?"

"ಉಳದ. ಬಲಗೈ ಮೊಣಕೈತನಕ ಹೋತು. ಊರಾಗ ಹೊಲ ಇತ್ತು, ಹೋದ. ಲಗ್ನ ಆತಂತ ಒಮ್ಮಿ ಕಾಗದ ಬರಸಿದ್ದ."

ಮಾದೇವಿ ಹೊರಗೆ ನೋಡಿದಳು. ರಸ್ತೆಯ ಮೇಲೆ ಕಬ್ಬಿನ ಗಾಡಿಗಳ ಸಾಲು ಕಾರ್ಖಾನೆಯ ಕಡೆಗೆ ಹೊರಟಿತ್ತು. ಎತ್ತಿನ ಗಂಟೆಯ ಸದ್ದು ಅಪ್ಪನಿಗೆ ಒಂದೇ ಕಿವಿಯಲ್ಲಿ ಕೇಳಿಸುತ್ತಿರಬೇಕು ಎಂದು ಅವಳಿಗೆ ಮೊದಲ ಸಲ ಅನ್ನಿಸಿತು. ಆಮೇಲೆ, "ಎಂಜಿನ್ ಮ್ಯಾಲ ಇರ್ಲಿ ಅಪ್ಪಾ," ಎಂದಳು. "ಬೀಳೂದನ್ನ ತಪ್ಪಸೂದು ನೋಡೂಣು."

ಹೇಗೆ ತಪ್ಪಿಸುವುದೆಂದು ಇಬ್ಬರಿಗೂ ತಿಳಿದಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು. ಹಾಲವ್ವ ರೊಟ್ಟಿ ಬಡಿಯುತ್ತ ಗೊಣಗಿದಳು: "ಮಗಳಿಗಿ ವರಾ ಹುಡಕೂ ಹೊತ್ತಿನ್ಯಾಗ ಅಪ್ಪ ಮಗಳು ಕೂಡಿ ವಿಮಾನ ಬೀಳಸಾಕತ್ತೀರಿ. ಊಟರ ಮಾಡ್ರಿ, ಪಲ್ಯ ಆರಾಕತ್ತೇತಿ."

ಎರಡು ದಿನ ಕಳೆದು ಗಿರಿಮಲ್ಲಪ್ಪ ಗಲಗಲಿಗೆ ಹೋದ. ಅಣ್ಣನ ಪಂಪ್‌ಸೆಟ್ ಕೆಟ್ಟಿತ್ತು. ಕೆಲಸ ಮುಗಿಯುವಷ್ಟರಲ್ಲಿ ಪೇಟೆಯಿಂದ ಗೊಬ್ಬರದ ಚೀಲ ಹೇರಿದ ಬಂಡಿ ಅಂಗಳಕ್ಕೆ ಬಂತು. ಚನಮಲ್ಲಪ್ಪ ಕೊಳ್ಳು ಹರಿದು ಎತ್ತುಗಳನ್ನು ನೊಗದಿಂದ ಬಿಡಿಸುವ ಮುಂಚೆಯೇ, ಗಿರಿಮಲ್ಲಪ್ಪ ತಾನು ಸುಮ್ಮನೆ ನಿಲ್ಲಬಾರದೆಂದು ಹಿಂದಿನ ತುದಿಯ ಚೀಲಗಳನ್ನು ಬೆನ್ನಿಗೆ ಹಾಕಿಕೊಂಡು ಇಳಿಸತೊಡಗಿದ. ಕೈ ಚೀಲದ ಮೇಲಿತ್ತು, ತಲೆ ಜಮಖಂಡಿಯಲ್ಲಿತ್ತು. ಹಿಂದಿನದೆಲ್ಲ ಖಾಲಿಯಾಗಿ ಮುಂದಿನ ರಾಶಿ ಹಾಗೇ ಉಳಿಯಿತು. ನೊಗ ಧಡಕ್ಕನೆ ಕೆಳಗಿಳಿದು ಎತ್ತುಗಳು ಮಂಡಿಯೂರಿದವು.

"ಲೇ ಗಿರಿಮಲ್ಲ್ಯಾ!" ಎಂದು ಕೂಗಿದ ಅಣ್ಣ. "ಎತ್ತು ಕೊಲ್ಲತಿಯೇನಲೇ? ಹಿಂದಿನ ಹೊರಿ ಒಮ್ಮಿಗೇ ತಗದ್ರ ನೊಗ ಎಲ್ಲಿ ಹೋಗತೈತಿ? ಸರ್ಕಾರದ ಅನ್ನಾ ಉಂಡು ಎಲ್ಲಾ ಮರತಿ ನೀ!"

ಇಬ್ಬರೂ ಕೂಡಿ ನೊಗ ಎತ್ತಿ ಹಿಡಿದು ಎತ್ತುಗಳನ್ನು ಬಿಡಿಸಿದರು. ಗಿರಿಮಲ್ಲಪ್ಪ ಎತ್ತಿನ ಕುತ್ತಿಗೆ ಸವರುತ್ತ ನಿಂತ. ಬಂಡಿಯಲ್ಲಿ ಹೊರೆ ಹೇರಿದರೆ ಊರು ಮುಟ್ಟುವತನಕ ಅದು ಅಲ್ಲೇ ಇರುತ್ತದೆ. ದಾರಿಯ ನಡುವೆ ಹೊರೆ ಚೆಲ್ಲಿ ಬರಿದಾಗಿ ಮನೆಗೆ ಬರುವ ಬಂಡಿ ಯಾವ ಊರಿನಲ್ಲಿದೆ? ಬಾಂಬಿನ ವಿಮಾನ ಬರಿದಾಗಲೆಂದೇ ಹೊರಡುತ್ತದೆ. ಅದರಲ್ಲಿ ಬಾಂಬನ್ನು ಹೊರೆಯೆಂದು ಹೇರದೆ, ತೂಕ ಸರಿದೂಗಿಸುವ ಕಲ್ಲಿನ ಹಾಗೆ ಬಳಸಿದ್ದ ಅವನು. ಇಪ್ಪತ್ತು ವರ್ಷ ಅದನ್ನೇ ಕಟ್ಟಿ ಕಳಿಸಿದವನು, ಅದು ಹೋದ ಮೇಲಿನ ವಿಮಾನವನ್ನು ಒಮ್ಮೆಯೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅವನು ನಗತೊಡಗಿದ.

"ಬೈದ್ರ ನಗತಾನ ನೋಡು," ಎಂದ ಚನಮಲ್ಲಪ್ಪ ಹೆಂಡತಿಗೆ. "ಇಂವಗ ಇನ್ನೊಂದು ಕಿವೀನೂ ಹೋತಂತ ಕಾಣತೈತಿ."

ಜಮಖಂಡಿಗೆ ಬಂದವನು ಮನೆಗೆ ಹೋಗದೆ ನೇರ ಕ್ಲಾಸಿಗೇ ಹೋದ. ಬಾಂಬಿನ ಕೊಂಡಿಗಳನ್ನೆಲ್ಲ ರೆಕ್ಕೆಯ ಕೆಳಗೆ, ತೂಕದ ನಡುಬಿಂದುವಿನ ನೇರಕ್ಕೆ ತರಿಸಿದ. ಬಂಡಿಯಾದರೆ ಅಚ್ಚಿನ ಮೇಲೆಯೇ ಹೇರಿದಂತೆ. ಅಲ್ಲಿಂದ ಇಳಿಸಿದರೆ ಮುಂದೂ ಹಿಂದೂ ಏನೂ ಕೆಡುವುದಿಲ್ಲ. ಇನ್ನುಳಿದದ್ದು ಮೂಗನ್ನು ಒತ್ತುವ ಎಂಜಿನ್. ಅದನ್ನು ಮಾದೇವಿ ಬಿಡಿಸಿದಳು. ಎಂಜಿನ್ನಿನ ಬೆಂಕಿ ಉಗುಳುವ ತುದಿಯನ್ನು ತುಸು ಮೇಲ್ಮುಖ ಮಾಡಿದರೆ, ನೂಕುವ ಗೆರೆ ಓರೆಯಾಗಿ ಕೆಳಗಿಳಿದು ನಡುಬಿಂದುವಿನ ಹತ್ತಿರವೇ ಹಾಯುತ್ತದೆ. ಆಗ ಬಾಗಿಸುವ ಬಲ ಬಹುಪಾಲು ಇಲ್ಲವಾಗುತ್ತದೆ. ಉಳಿದಷ್ಟನ್ನು ದೊಡ್ಡ ಬಾಲ ತಡೆದುಕೊಳ್ಳುತ್ತದೆ. ದೊಡ್ಡ ಬಾಲದಿಂದ ವೇಗ ಕಡಿಮೆಯಾಯಿತು. "ಎಮ್ಮಿ ಓಡಿದ್ದು ಯಾರು ನೋಡ್ಯಾರ?" ಎಂದ ಗಿರಿಮಲ್ಲಪ್ಪ.

ಆ ಸಂಜೆ ಎಮ್ಮಿ ಹೋಗಿ, ಹೊರೆ ಇಳಿಸಿ, ಮೂಗು ನೇರ ಇಟ್ಟುಕೊಂಡು ತಿರುಗಿ ಬಂತು. ಬಾಳಾಸಾಹೇಬ ಮತ್ತೆ ಚಹಾ ತರಿಸಲು ಹೊರಟಾಗ ಕರೆಂಟ್ ಹೋಯಿತು. ಮೂವರೂ ಕತ್ತಲಲ್ಲೇ ಕೂತು ನಕ್ಕರು.

ಆಮೇಲಿನ ಮೂರ್ನಾಲ್ಕು ದಿನ ಮಾದೇವಿ ಅಪ್ಪನನ್ನು ಕ್ಲಾಸಿಗೆ ಬರಗೊಡಲಿಲ್ಲ. "ಪ್ರದರ್ಶನದಾಗ ನೋಡ್ರಿ" ಎಂದಳು.

ಪ್ರದರ್ಶನದ ದಿನ ಗಿರಿಮಲ್ಲಪ್ಪ ಇಸ್ತ್ರಿ ಅಂಗಿ ತೊಟ್ಟು ಹಾಲವ್ವನ ಜೊತೆ ಕಾಲೇಜಿಗೆ ಹೋದ. ಕಂಪ್ಯೂಟರಿನ ಸುತ್ತ ರಬಕವಿ, ಬನಹಟ್ಟಿ, ತೇರದಾಳದಿಂದ ಬಂದ ಹುಡುಗರ ಗುಂಪು. ಕೂತವನೊಬ್ಬ ಗುಂಡಿಯನ್ನು ಬಡಿಯುತ್ತಿದ್ದ.

"ಹೊಂಡವಲ್ದಲೇ ಇದು!"

"ಎಮ್ಮಿ ಅಲ್ಲಪಾ, ಮೇವು ಹಾಕು ಮದಲ!"

ಗಿರಿಮಲ್ಲಪ್ಪ ಹುಡುಗರ ತಲೆಗಳ ಮೇಲಿಂದ ಬಗ್ಗಿ ನೋಡಿದ. ಎಮ್ಮಿ ರನ್‌ವೇಯ ತುದಿಯಲ್ಲಿ ನಿಂತಿತ್ತು, ಎಂಜಿನ್ ತಿರುಗುತ್ತಿತ್ತು. ಅದರ ರೆಕ್ಕೆಗಳ ಕೆಳಗೆ, ಮೊದಲು ಇಲ್ಲದ, ಬೆಂಕಿಕಡ್ಡಿಯಷ್ಟು ಚಿಕ್ಕ ಎರಡು ಆಕಾರಗಳಿದ್ದವು. ಅವು ಬಾಗಿದವು, ಎದ್ದವು, ಕೈ ಮೇಲೆತ್ತಿದವು. ಎರಡರ ಕೈಯಲ್ಲೂ ಒಂದೊಂದು ಕೆಂಪು ಚುಕ್ಕೆ. ಆಮೇಲೆ ರೆಕ್ಕೆಯ ಕೆಳಗಿನಿಂದ ನಡೆದು ಬಂದು ಒಂದು ಬಿಳಿ ಗೆರೆ ದಾಟಿದವು. ದಾಟಿದ ಮೇಲೆಯೇ ಎಮ್ಮಿ ಅಲುಗಿತು.

"ಇದೊಂದ ತಗದ ಬಿಡು ಮಾದೇವಿ," ಎನ್ನುತ್ತಿದ್ದ ಬಾಳಾಸಾಹೇಬ ಮೆಲ್ಲಗೆ. "ಹುಡುಗರಿಗಿ ಪುರಸೊತ್ತಿಲ್ಲ, ಬ್ಯಾಸರ ಮಾಡ್ಕೋತಾರ."

"ಮಂದಿ ಕೆಳಗ ಇದ್ದಾಗ ಅದು ಹ್ಯಾಂಗ ಹೊಂಡತೈತ್ರಿ ಸರ್?" ಎಂದಳು ಮಾದೇವಿ.

ಗುಂಪು ಕರಗಿದ ಮೇಲೆ ಅವಳು ಅಪ್ಪನನ್ನು ಕರೆದು ಕುರ್ಚಿಯಲ್ಲಿ ಕೂಡಿಸಿದಳು. ತಾನು ಅವನ ಬಲಕ್ಕೆ ನಿಂತಳು. ಹಾಲವ್ವ ಸೆರಗು ಸರಿಮಾಡಿಕೊಂಡು ಹಿಂದಿನಿಂದ ಇಣುಕಿದಳು. ಗಿರಿಮಲ್ಲಪ್ಪ ತೋರುಬೆರಳಿನಿಂದ ವೇಗದ ಗುಂಡಿ ಒತ್ತಿದ. ಎಮ್ಮಿ ಜಗ್ಗಲಿಲ್ಲ. ಇನ್ನೊಮ್ಮೆ ಒತ್ತಿದ.

"ಕೆಟ್ಟೇತೇನ್ರಿ?" ಎಂದಳು ಹಾಲವ್ವ.

"ಇಲ್ಲ," ಎಂದ ಗಿರಿಮಲ್ಲಪ್ಪ. "ಇನ್ನೊಬ್ಬಾಂವ ದಾಟಿಲ್ಲ."

ಗುಂಡಿಯ ಮೇಲಿನಿಂದ ಬೆರಳು ತೆಗೆದು, ಆ ಇನ್ನೊಬ್ಬ ಬಿಳಿ ಗೆರೆ ದಾಟುವತನಕ ಕಾದ.